ಕಾಯುವ ಶಕ್ತಿಯೇ ನರಕ್ಕೆ ತಿರುಗಿಬಿದ್ದಾಗ

ನಮ್ಮ ಕಾರಮಡೈಯಿಂದ ಮೇಟ್ಟುಪಾಳ್ಯ ದಾಟಿ ಘಾಟಿ ಹತ್ತಿದರೆ ಕೂನೂರು. ಅಲ್ಲಿ 1907ರಿಂದ ಪಾಶ್ಚರ್ ಸಂಸ್ಥೆ ಇದೆ. ನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಇಂಜೆಕ್ಷನ್ ಹಿರಿಯರಿಗೆ ನೆನಪಿದ್ದೀತು. ಅಲ್ಲಿಯೂ ತಯಾರಾಗುತ್ತಿದ್ದ ಆ ಸೆಂಪಲ್ ಲಸಿಕೆಗೆ ಕುರಿಯ ಮಿದುಳೇ ಮೂಲ. ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಅಪರೂಪಕ್ಕೆ ಕೆಲವರ ಕೈಕಾಲುಗಳ ಸ್ವಾಧೀನ ತಪ್ಪುತ್ತಿತ್ತು.

ಕಾರಣವಿಷ್ಟೇ. ಮೋಟಾರಿನ ವೈರಿಗೆ ರಬ್ಬರ್ ಹೊದಿಕೆ ಇರುವಂತೆ ನರಕ್ಕೂ ಒಂದು ಹೊದಿಕೆ ಇದೆ. ಕುರಿಯದಕ್ಕೂ ನಮ್ಮದಕ್ಕೂ ಹೋಲಿಕೆ ಹೆಚ್ಚು. ಲಸಿಕೆಯಲ್ಲಿದ್ದ ಕುರಿಯ ಅಂಶವನ್ನು ಶತ್ರುವೆಂದು ಗುರುತಿಸಿದ ರೋಗನಿರೋಧಕ ಶಕ್ತಿ, ನಮ್ಮ ನರದ ಮೇಲೂ ಏರಿಹೋಗುತ್ತಿತ್ತು.

ಲಸಿಕೆಯ ಮಾತಿರಲಿ, ಭೇದಿ, ಜ್ವರದ ನಂತರವೂ ಇದೇ ಗುರುತಿನ ತಪ್ಪು ಆಗುವುದುಂಟು. ಅದೇ ಗಿಲಾನ್ ಬಾರೆ ಸಿಂಡ್ರೋಮ್ (ಜಿ.ಬಿ.ಎಸ್.). 2025ರ ಜನವರಿಯಲ್ಲಿ ಪುಣೆಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಇದು ಬಂದಿತು. ಅನೇಕರಿಗೆ ಮೊದಲು ಭೇದಿಯಾಗಿತ್ತು.

ನಿರೋಧಕ ಶಕ್ತಿ ಕುಗ್ಗಿದವರಿಗೆ ಇದು ಬಾರದು ಎಂದು ತೋರಬಹುದು. ಹಾಗಲ್ಲ. ಕಾವಲುಗಾರರು ಕಡಿಮೆಯಾದಾಗ ಶಿಸ್ತೂ ಕೆಡಬಹುದಷ್ಟೆ. ಎಚ್.ಐ.ವಿ. ಸೋಂಕು ತಗುಲಿದ ಆರಂಭದಲ್ಲೇ ಜಿ.ಬಿ.ಎಸ್. ಕಾಣಿಸಿಕೊಂಡದ್ದುಂಟು. ಅಂಗ ಕಸಿ ಮಾಡಿಸಿಕೊಂಡವರಲ್ಲೂ ಕಂಡಿದೆ. ಸಕ್ಕರೆ ಕಾಯಿಲೆಯವರ ತೊಂದರೆ ಬೇರೆ. ಕಾಲು ಜೋಮು ಹಿಡಿದರೆ ಮನೆಯವರು ಸಕ್ಕರೆಯ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಸಕ್ಕರೆಯ ಜೋಮು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಇದು ಹಾಗಲ್ಲ, ಇಂದು ಮೆಟ್ಟಿಲು ಹತ್ತಲು ಕಷ್ಟ, ನಾಳಿದ್ದು ಎದ್ದು ನಿಲ್ಲಲೂ ಆಗದು.

ಹೀಗಾದಾಗ ವಾತವೆಂದು ಎಣ್ಣೆ ತಿಕ್ಕುತ್ತ ಕೂರಬಾರದು. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಆದ್ದರಿಂದ ಅದಿರುವ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೇ ಅಂದೇ ಹೋಗಬೇಕು. ಇಮ್ಯುನೊಗ್ಲಾಬ್ಯುಲಿನ್ ಕೊಡುವುದು, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಿಸುವುದು, ಇವೆರಡೇ ಚಿಕಿತ್ಸೆ. ಎರಡು ವಾರದೊಳಗೆ ಆರಂಭಿಸಿದರೆ ಹೆಚ್ಚು ಫಲ. ಬಹುತೇಕರು ತಿಂಗಳುಗಳಲ್ಲಿ ಮತ್ತೆ ನಡೆಯುತ್ತಾರೆ. ಕೆಲವರಿಗೆ ಬಲಹೀನತೆ ಉಳಿಯುತ್ತದೆ, ಅದನ್ನೂ ಮುಚ್ಚಿಡಬಾರದು.

ಇನ್ನು ನಾಯಿ ಕಡಿತದ ವಿಷಯ. ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ಕ್ಕೆ ನಿಂತಿತು. ಈಗಿನದರಲ್ಲಿ ಮಿದುಳಿನ ಅಂಶವಿಲ್ಲ, ತೋಳಿಗೆ ಹಾಕುತ್ತಾರೆ. ಹಳೆಯ ಭಯದಿಂದ ಯಾರೂ ತಪ್ಪಿಸಬೇಡಿ. ಗಾಯವನ್ನು ಹದಿನೈದು ನಿಮಿಷ ಸೋಪು, ನೀರಿನಿಂದ ತೊಳೆದು ಹೊರಡಿ. ಎಚ್.ಐ.ವಿ., ಕ್ಯಾನ್ಸರ್ ಔಷಧ, ಸ್ಟೀರಾಯ್ಡ್ ಮಾತ್ರೆ ಏನಿದ್ದರೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಅಂಥವರಿಗೆ ಲಸಿಕೆಯೊಂದೇ ಸಾಲದೆ ಗಾಯಕ್ಕೆ ಹಾಕುವ ಸೀರಮ್ಮೂ ಬೇಕಾಗಬಹುದು.