ಹೊಸತರ ಹಂಬಲಕ್ಕೆ ಐದು ಹೆಸರು

ದಿನಕ್ಕೊಂದು ರುಚಿ, ಗಳಿಗೆಗೊಂದು ನೋಟ ಬಯಸುವ ಮನುಷ್ಯನನ್ನು ಏನೆಂದು ಕರೆಯಬೇಕು? ವ್ರತ ಹಿಡಿಯುವವರಿಗೆ ಈ ಪ್ರಶ್ನೆ ಕೇವಲ ಶಬ್ದಕೋಶದ್ದಲ್ಲ. ರೋಗವನ್ನು ಗುರುತಿಸದೆ ಮದ್ದು ಕೊಡಲಾಗದು. ದೋಷವನ್ನು ಗುರುತಿಸದೆ ನಿಯಮ ನಿಲ್ಲಲಾರದು.

ಇಂಗ್ಲಿಷ್ ಭಾಷೆಯಲ್ಲಿ ಇಂಥವರಿಗೆ ಹಲವು ಪದಗಳುಂಟು. ಮಿತಿಮೀರಿ ತಿನ್ನುವವನು ‘ಗ್ಲಟನ್’. ಒಂದರಲ್ಲಿ ಮನಸ್ಸು ನಿಲ್ಲದವನು ‘ಫಿಕಲ್’. ಹೊಸತನ್ನೇ ಪ್ರೀತಿಸುವವನು ‘ನಿಯೊಫೈಲ್’. ಭಕ್ಷ್ಯಗಳನ್ನು ಆರಿಸಿ ಸವಿಯುವವನು ‘ಎಪಿಕ್ಯೂರ್’. ಈ ಕಡೆಯ ಪದವು ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನ (ಕ್ರಿ.ಪೂ. 341–270) ಹೆಸರಿನಿಂದ ಬಂದುದು. ಆತನಾದರೋ ರೊಟ್ಟಿ, ನೀರುಗಳಲ್ಲಿ ತೃಪ್ತನಾಗಿ, ಒಂದಿಷ್ಟು ಚೀಸ್ ದೊರೆತರೆ ಅದನ್ನೇ ಹಬ್ಬವೆಂದು ಎಣಿಸಿದವನು. ಮಿತಾಹಾರಿಯ ಹೆಸರು ಕಾಲಾಂತರದಲ್ಲಿ ರುಚಿಗಾರನಿಗೆ ಅಂಟಿಕೊಂಡಿತು! ಈ ಪದಗಳು ಮನುಷ್ಯನ ಸ್ವಭಾವವನ್ನು ಹೇಳುತ್ತವೆ; ಬಿಡುಗಡೆಯ ದಾರಿಯನ್ನು ಹೇಳುವುದಿಲ್ಲ.

ನಮ್ಮಲ್ಲಿ ಬಳಕೆಯಲ್ಲಿರುವ ‘ಚಪಲ’ ಎಂಬ ಮಾತಿಗೆ ಅಲುಗಾಡುವುದು ಎಂದರ್ಥ. ಮಿಂಚಿಗೂ ‘ಚಪಲಾ’ ಎಂಬ ಹೆಸರಿದೆ. ‘ಲೋಲ’ ಎಂದರೆ ತೂಗಾಡುವವನು. ಶಾಸ್ತ್ರದಲ್ಲಿ ಬರುವ ‘ಗೃದ್ಧಿ’ ಎಂಬ ಪದವೂ ಹದ್ದನ್ನು ಸೂಚಿಸುವ ‘ಗೃಧ್ರ’ ಎಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ಹೀಗೆ ನಮ್ಮ ಪದಗಳು ತಿನ್ನುವ ಪ್ರಮಾಣಕ್ಕಿಂತ ಮನಸ್ಸಿನ ಚಲನೆಯನ್ನೇ ಎತ್ತಿ ತೋರುತ್ತವೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸಿದ್ದಾರೆ. ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಧಾರವಾಡದ ಪೇಢೆ ಭೋಗವಾದರೆ ನವಲಗುಂದದ ಜಮಖಾನೆ ಉಪಭೋಗ. ಎರಡಕ್ಕೂ ಮಿತಿ ಕಟ್ಟಿಕೊಳ್ಳುವುದೇ ಈ ವ್ರತ. ಇದಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ:

1. ಅನುಪೇಕ್ಷೆ – ವಿಷಯಗಳು ವಿಷವೆಂದು ತಿಳಿದೂ ಅವುಗಳ ಮೇಲಿನ ಆದರ ಅಳಿಯದಿರುವುದು.
2. ಅನುಸ್ಮೃತಿ – ಹಿಂದೆ ಉಂಡುದನ್ನು ನೆನೆನೆನೆದು ಸವಿಯುವುದು.
3. ಅತಿಲೌಲ್ಯ – ತೃಪ್ತಿಯಾದ ಮೇಲೂ ಮತ್ತೆ ಮತ್ತೆ ಬಯಸುವುದು.
4. ಅತಿತೃಷೆ – ಮುಂದೆ ಬರಲಿರುವ ಭೋಗಕ್ಕಾಗಿ ಹಾತೊರೆಯುವುದು.
5. ಅತ್ಯನುಭವ – ಅನುಭವಿಸುವಾಗ ಅತಿಯಾಗಿ ಮುಳುಗುವುದು.

ಅಣ್ಣಿಗೇರಿ ಸೀಮೆಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಆತ ಅಷ್ಟಮಿಯಂದು ಉಪವಾಸವಿದ್ದಾನೆ, ನೀರನ್ನೂ ಮುಟ್ಟಿಲ್ಲ. ಆದರೆ ಮಧ್ಯಾಹ್ನವೇ ಮನೆಯವರನ್ನು ಕರೆದು, “ನಾಳಿನ ಪಾರಣೆಗೆ ಏನು ಮಾಡ್ತೀರಿ? ದಿನಾ ಅದೇ ರೊಟ್ಟಿ, ಅದೇ ಪಲ್ಯ ಬ್ಯಾಡ” ಎಂದು ಹೇಳುತ್ತಾನೆ. ಹೊಟ್ಟೆ ಬರಿದಾಗಿದೆ, ಮನಸ್ಸು ಅಡುಗೆಮನೆಯಲ್ಲಿದೆ. ಇದು ಅತಿತೃಷೆ. ಹೋದ ವರ್ಷದ ಮದುವೆಯೂಟವನ್ನು ವರ್ಣಿಸುತ್ತ ಹೊತ್ತು ಕಳೆದರೆ ಅದು ಅನುಸ್ಮೃತಿ. ಅನ್ನ ಬಿಟ್ಟದ್ದು ನಿಜ. ಚಪಲ ಮಾತ್ರ ಬಿಟ್ಟಿಲ್ಲ. ಅದೇ ಊರಿನ ಹೊಲದಲ್ಲಿ ಬೆವರು ಸುರಿಸಿ ಬುತ್ತಿ ಬಿಚ್ಚುವ ಒಕ್ಕಲಿಗನಿಗೆ ನಿತ್ಯದ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳೇ ಅಮೃತ. ಹಸಿವು ಬದಲನ್ನು ಕೇಳುವುದಿಲ್ಲ. ಬದಲನ್ನು ಕೇಳುವುದು ಚಪಲ.

ಅಣ್ಣಿಗೇರಿಯೊಡನೆ ತಾಯಿಯ ಕಡೆಯಿಂದ ನಂಟುಳ್ಳ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗ ಇಲ್ಲಿ ಸ್ಮರಣೀಯ. ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಆಕೆಯಂಥದೇ ಇನ್ನೊಂದು ರೂಪವನ್ನು ಸೃಷ್ಟಿಸುತ್ತಾನೆ. ಸಭೆ ನಾಟ್ಯದಲ್ಲೇ ಮುಳುಗಿರುತ್ತದೆ. ಆದಿದೇವನೊಬ್ಬನು ಅಳಿದುದನ್ನು ಕಂಡು ವಿರಕ್ತನಾಗುತ್ತಾನೆ. ಹೊಸತು ಬಂದೊಡನೆ ಹಳೆಯದು ಅಳಿದುದನ್ನು ಕಾಣದಿರುವುದೇ ಚಪಲಚಿತ್ತದ ಕುರುಡು.

ಇದಕ್ಕೆ ಮದ್ದೇನು? ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಅನಶನ ಮೊದಲನೆಯದು; ರಸಪರಿತ್ಯಾಗವೂ ಅವುಗಳಲ್ಲೊಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಹೆಚ್ಚನ್ನೋ ಬಿಡುವುದು ಇದರ ಕ್ರಮ. ಉಪವಾಸವು ಹಸಿವನ್ನು ಎದುರಿಸಿದರೆ ರಸಪರಿತ್ಯಾಗವು ರುಚಿಯನ್ನೇ ಎದುರಿಸುತ್ತದೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಜೀವನಪರ್ಯಂತದ್ದು ಯಮ. ಶಕ್ತಿಯನ್ನರಿತು ಒಂದು ದಿನದ ನಿಯಮದಿಂದ ತೊಡಗಬಹುದು. ವೃದ್ಧರೂ ರೋಗಿಗಳೂ ದೇಹಸ್ಥಿತಿಯನ್ನು ನೋಡಿಯೇ ನಡೆಯತಕ್ಕದ್ದು.

ಆದುದರಿಂದ ಮುಂದಿನ ಚತುರ್ದಶಿಯ ಸಂಜೆ, “ಇಂದು ಏನನ್ನು ಬಿಟ್ಟೆ?” ಎಂದಷ್ಟೇ ಕೇಳಿಕೊಂಡರೆ ಸಾಲದು. “ಬಿಟ್ಟುದನ್ನು ಎಷ್ಟು ಸಲ ನೆನೆದೆ? ನಾಳೆಗಾಗಿ ಎಷ್ಟು ಹಂಬಲಿಸಿದೆ?” ಎಂದೂ ಕೇಳಿಕೊಳ್ಳಬೇಕು. ಐದರಲ್ಲಿ ತನ್ನದು ಯಾವ ದೋಷವೆಂದು ಗುರುತಿಸಿದವನ ಉಪವಾಸ ಅಂದಿನಿಂದ ನಿಜವಾಗಿ ಆರಂಭವಾಗುತ್ತದೆ.