ಬ್ಯಾಕ್ಟೀರಿಯಾವೇ ಔಷಧಿಯಾದಾಗ

ನಾನು ಕಾಮರ್ಸ್ ವಿದ್ಯಾರ್ಥಿನಿ. ಹತ್ತನೇ ತರಗತಿಯ ನಂತರ ಜೀವಶಾಸ್ತ್ರದ ಪುಸ್ತಕ ತೆರೆದವಳಲ್ಲ. ಕಳೆದ ತಿಂಗಳು ಡಾಕ್ಟರ್ ನನಗೆ ಆಂಟಿಬಯೋಟಿಕ್ ಮಾತ್ರೆಯ ಜೊತೆ ಪ್ರೋಬಯೋಟಿಕ್ ಪುಡಿಯನ್ನೂ ಬರೆದುಕೊಟ್ಟರು. ಬ್ಯಾಕ್ಟೀರಿಯಾ ಕೊಲ್ಲಲು ಒಂದು, ತುಂಬಲು ಇನ್ನೊಂದು! ಈ ಗೊಂದಲವೇ ನನ್ನನ್ನು ಓದಲು ಹಚ್ಚಿತು.

ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಹೆಚ್ಚಿನವು ನಮಗೆ ಸ್ನೇಹಿತರೇ. ಆದರೆ ಆಂಟಿಬಯೋಟಿಕ್‌ಗೆ ಸ್ನೇಹಿತ ಯಾರು, ಶತ್ರು ಯಾರು ಎಂದು ತಿಳಿಯದು. ಸ್ನೇಹಿತರು ಸತ್ತ ಜಾಗದಲ್ಲಿ ಕೆಲವರಿಗೆ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ತೀವ್ರ ಭೇದಿಯಾಗುತ್ತದೆ, ಪ್ರಾಣಕ್ಕೂ ಅಪಾಯವಾಗಬಹುದು. ಇದಕ್ಕೂ ಮದ್ದು ಮತ್ತೆ ಆಂಟಿಬಯೋಟಿಕ್ಕೇ. ಹಾಗಾಗಿ ವಾಸಿಯಾದಂತೆ ಕಂಡ ಕಾಯಿಲೆ ಹಲವರಲ್ಲಿ ಮರುಕಳಿಸುತ್ತದೆ.

ಇಲ್ಲಿ ಮೊಸರು ಸಾಲದು. ಮೊಸರಿನ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಿನಲ್ಲಿ ನೆಲೆಸುವುದಿಲ್ಲ, ಬಂದು ಹೋಗುತ್ತದೆ. ಕರುಳಿನ ಮೂಲನಿವಾಸಿಗಳೇ ಬೇಕು. ಆದರೆ ಅವುಗಳಲ್ಲಿ ಹೆಚ್ಚಿನವು ಗಾಳಿ ತಗುಲಿದರೆ ಸಾಯುತ್ತವೆ.

ವಿಜ್ಞಾನಿಗಳು ದಾರಿ ಕಂಡುಕೊಂಡರು. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಸ್ಪೋರ್ ಆಗಿ ಬದುಕಬಲ್ಲವು. ಆರೋಗ್ಯವಂತ ದಾನಿಗಳ ಮಲವನ್ನು ಆಲ್ಕೋಹಾಲ್‌ನಿಂದ ಸಂಸ್ಕರಿಸಿ, ಉಳಿದ ಸ್ಪೋರ್‌ಗಳನ್ನು ಶುದ್ಧಗೊಳಿಸಿ ಕ್ಯಾಪ್ಸೂಲಿಗೆ ತುಂಬಿದರು. ಅವು ಕರುಳಿನಲ್ಲಿ ಬೆಳೆದು ಪಿತ್ತರಸದ ಆಮ್ಲಗಳನ್ನು ಬದಲಿಸುತ್ತವೆ, ಆಗ ಸಿ. ಡಿಫಿಸಿಲ್ ಬೆಳೆಯುವುದು ಕಷ್ಟ. ಆಂಟಿಬಯೋಟಿಕ್ ಮುಗಿದ ಮೇಲೆ ದಿನಕ್ಕೆ 4ರಂತೆ 3 ದಿನ ನುಂಗಬೇಕು. 182 ರೋಗಿಗಳ ಪ್ರಯೋಗದಲ್ಲಿ, ಎಂಟು ವಾರಗಳೊಳಗೆ ಕಾಯಿಲೆ ಮರುಕಳಿಸಿದ್ದು ಈ ಕ್ಯಾಪ್ಸೂಲ್ ಪಡೆದವರಲ್ಲಿ ಶೇ. 12, ಔಷಧಿಯಿಲ್ಲದ ಕ್ಯಾಪ್ಸೂಲ್ ಪಡೆದವರಲ್ಲಿ ಶೇ. 40. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಅನುಮತಿ ನೀಡಿತು. ಹೆಸರು ವೌಸ್ಟ್.

ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮಿ, "ತೌಬಾ! ಅದನ್ನು ನುಂಗುತ್ತಾರಾ?" ಎಂದು ಮುಖ ಕಿವುಚಿದರು. ಅಮ್ಮಿಯ ಪ್ರಶ್ನೆಗೂ ಉತ್ತರ ತಯಾರಾಗುತ್ತಿದೆ. ದಾನಿಯ ಮಲವನ್ನು ಬಳಸದೆ, ಆಯ್ದ 8 ಬಗೆಯ ಬ್ಯಾಕ್ಟೀರಿಯಾಗಳನ್ನು ಬೇರೆಬೇರೆಯಾಗಿ ಬೆಳೆಸಿ ಮಾಡಿದ ವಿಇ303 ಎಂಬ ಕ್ಯಾಪ್ಸೂಲ್ ಎರಡನೇ ಹಂತದ ಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ ತೋರಿತು. 2024ರಲ್ಲಿ ಅದರ ಮೂರನೇ ಹಂತದ ಪರೀಕ್ಷೆ ಆರಂಭವಾಯಿತು. ದಾನಿಗಳು ಬದಲಾದಂತೆ ಔಷಧಿಯೂ ಬದಲಾಗುವ ಚಿಂತೆ ಇಲ್ಲಿಲ್ಲ. ಪ್ರತಿ ಕ್ಯಾಪ್ಸೂಲಿನಲ್ಲೂ ಅದೇ ಎಂಟು.

ಆದರೆ ವೌಸ್ಟ್‌ಗೆ ಅನುಮತಿ ಸಿಕ್ಕಿರುವುದು ಈ ಒಂದು ಕಾಯಿಲೆ ವಯಸ್ಕರಲ್ಲಿ ಮರುಕಳಿಸದಂತೆ ತಡೆಯಲು ಮಾತ್ರ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಅದೇ ಮದ್ದು ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳಬೇಕು. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಬರೆಯಬಾರದು ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುತ್ತೇವೆ. ಔಷಧಿಗೂ ಅದೇ ನಿಯಮ. ಯಾವ ಬ್ಯಾಕ್ಟೀರಿಯಾ, ಯಾವ ಕಾಯಿಲೆಗೆ, ಯಾರ ಮೇಲೆ ಪರೀಕ್ಷೆಯಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳೋಣ.

ಇನ್ನೊಂದು ಮಾತು. ಕಳೆದುಕೊಂಡ ಸ್ನೇಹಿತರನ್ನು ಮರಳಿ ತರಲು ಇಷ್ಟು ವರ್ಷಗಳ ಶ್ರಮ ಬೇಕಾಯಿತು. ಆದ್ದರಿಂದ ನೆಗಡಿ ಬಂದ ಕೂಡಲೇ ಡಾಕ್ಟರನ್ನು ಕೇಳದೆ ಆಂಟಿಬಯೋಟಿಕ್ ನುಂಗುವುದನ್ನು ನಾವು ಇಂದೇ ಬಿಡಬಹುದು.