ನಾನು ಬಿಯರ್ ಮಾಡುವುದು ಹೆಂಡತಿಗೆ ಇಷ್ಟವಿಲ್ಲ

ಪ್ರಶ್ನೆ: ಊರು ಹಾಸನದ ಕಡೆ, ಈಗ ಅಮೆರಿಕದ ಆರೆಗನ್‌ನಲ್ಲಿದ್ದೇವೆ. ಮನೆಯಲ್ಲೇ ಬಿಯರ್ ತಯಾರಿಸುವುದು ನನ್ನ ಹವ್ಯಾಸ. ಮಾಲ್ಟು, ಹಾಪ್ಸ್ ತೂಗಿಕೊಂಡು, ಉಷ್ಣಾಂಶ ಬರೆದಿಟ್ಟುಕೊಂಡು ಮಾಡುವಾಗ ವಾರದ ಒತ್ತಡವೆಲ್ಲ ಇಳಿದುಹೋಗುತ್ತದೆ. ಆದರೆ ಆ ದಿನ ಹೆಂಡತಿ ಮುಖ ಕೊಟ್ಟು ಮಾತಾಡುವುದಿಲ್ಲ. ದೋಸೆ ಹಿಟ್ಟನ್ನೂ ಹುಳಿ ಬರಿಸುತ್ತೀಯಲ್ಲ, ಇದೂ ಹಾಗೇ ಎಂದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ‘ನಮ್ಮಣ್ಣನೂ ಹೀಗೇ ಶುರು ಮಾಡಿದ್ದು’ ಅನ್ನುತ್ತಾಳೆ. ಮುಂದಿನ ತಿಂಗಳು ಅತ್ತೆ ಬರುತ್ತಿದ್ದಾರೆ. ಎಲ್ಲ ಬಿಟ್ಟುಬಿಡಲೇ?

ಉತ್ತರ: ಮನಸ್ಸಿಟ್ಟು ಮಾಡಿದ್ದನ್ನು ಮನೆಯವರೇ ತಿರುಗಿ ನೋಡದಿದ್ದರೆ ನೋವಾಗುತ್ತದೆ. ನಂಟರಿಷ್ಟರಿಲ್ಲದ ಊರಿನಲ್ಲಿ ಆ ನೋವು ಇನ್ನೂ ಜಾಸ್ತಿ. ಅದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಬಿಡಬೇಕೋ ಬೇಡವೋ ಎನ್ನುವುದನ್ನು ಈಗಲೇ ತೀರ್ಮಾನಿಸುವ ಅಗತ್ಯವೂ ಇಲ್ಲ.

ಅಣ್ಣನ ವಿಷಯ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನೇ. ಕುಡಿತದಿಂದ ನಲುಗಿದ ಮನೆಯಲ್ಲಿ ಬೆಳೆದವರಿಗೆ ಬಾಟಲಿಯ ಸದ್ದು ಕೇಳಿದರೂ ಎದೆ ಝಲ್ಲೆನ್ನುತ್ತದೆ. ನೀವು ಅಣ್ಣನಂತಲ್ಲ ಎಂದು ನಿಮ್ಮ ಪತ್ನಿಗೆ ಗೊತ್ತಿರಬಹುದು, ಆದರೂ ಭಯ ತಾನಾಗಿ ಬರುತ್ತದೆ. ದೋಸೆ ಹಿಟ್ಟಿನ ವಾದದಲ್ಲಿ ವಿಜ್ಞಾನ ಸರಿಯಿದೆ, ಆದರೆ ಈ ಭಯಕ್ಕೆ ಅದು ಉತ್ತರವಾಗುವುದಿಲ್ಲ. ನನ್ನ ಸಂಕಟವನ್ನೇ ಇವರು ಹಗುರ ಮಾಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತಿರಬಹುದು.

ಇನ್ನೊಂದು ಮಾತು. ನಮ್ಮ ಕಡೆ ಮನೆಯಲ್ಲಿ ಮದ್ಯ ಮಾಡುತ್ತಾರೆ ಎಂದರೆ ಮೊದಲು ನೆನಪಾಗುವುದು ಕಳ್ಳಬಟ್ಟಿ, ಅಬಕಾರಿಯವರ ದಾಳಿ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅಂಥ ಸುದ್ದಿಗಳ ನಡುವೆ ಬೆಳೆದವರು ಬೆಚ್ಚಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಒಂದು ಸಲ ಸಮಾಧಾನದಿಂದ ವಿವರಿಸಿ. ಅಂಥ ದುರಂತಗಳಲ್ಲಿ ಜೀವ ತೆಗೆಯುವುದು ಕಲಬೆರಕೆಯ ಮೆಥನಾಲ್. ನೀವು ಮಾಡುವುದು ಮಾಲ್ಟಿನ ಸಿಹಿ ರಸಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸುವುದು, ಬಟ್ಟಿ ಇಳಿಸುವ ಮಾತೇ ಅಲ್ಲಿಲ್ಲ. ಅಮೆರಿಕದಲ್ಲಿ 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ವಯಸ್ಕರಿರುವ ಮನೆಯವರು ಸ್ವಂತ ಬಳಕೆಗೆಂದು ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಯರ್ ಮಾಡಿಕೊಳ್ಳಬಹುದು. (ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಹಾಗೆ ಮಾಡುವಂತಿಲ್ಲ. ಇಲ್ಲಿಂದ ಓದುತ್ತಿರುವವರು ಗಮನಿಸಿ.)

ಅಣ್ಣನ ವಿಷಯಕ್ಕೆ ವಿವರಣೆ ಸಾಲದು. ಬಿಯರ್ ಕೆಲಸವಿಲ್ಲದ ಒಂದು ಸಂಜೆ, ‘ಅಣ್ಣನಿಗೆ ಏನಾಯಿತು, ಆಗ ಮನೆಯಲ್ಲಿ ಹೇಗಿತ್ತು’ ಎಂದು ಕೇಳಿ. ಅವರು ಹೇಳುತ್ತಿರುವಾಗ ‘ನಾನು ಹಾಗಲ್ಲ’ ಎಂದು ನಡುವೆ ಬಾಯಿ ಹಾಕಬೇಡಿ. ಅವರು ಅತ್ತರೆ ಅಳಲಿ. ಅವತ್ತು ಯಾವ ತೀರ್ಮಾನವೂ ಬೇಡ.

ಆಮೇಲೆ ಅಡುಗೆಮನೆಯ ಕಡೆ ನೋಡಿ. 5 ಗ್ಯಾಲನ್‌ನ ಪಾತ್ರೆ ಒಂದು ಗಂಟೆ ಕುದಿದರೆ ಹಾಪ್ಸ್‌ನ ಘಾಟು ಮನೆಯೆಲ್ಲ ತುಂಬುತ್ತದೆ. ಒಮ್ಮೆ ಉಕ್ಕಿದರೆ ಒಲೆಯ ಸಂದುಗೊಂದಿನಲ್ಲೆಲ್ಲ ಅಂಟುಪಾಕ ಕಚ್ಚಿಕೊಳ್ಳುತ್ತದೆ. ಅದನ್ನು ಉಜ್ಜುವವರು ಯಾರು? ಪತ್ನಿಯೇ ಆಗಿದ್ದರೆ ಸಿಟ್ಟಿಗೆ ಅದೂ ಒಂದು ಕಾರಣ. 1 ಗ್ಯಾಲನ್‌ನಷ್ಟೇ ಮಾಡಿ ನೋಡಿ. 50 ಬಾಟಲಿಯ ಜಾಗದಲ್ಲಿ 10 ಬಾಟಲಿ ಆಗುತ್ತದೆ, ಅಡುಗೆಮನೆಯೂ ಬೇಗ ಬಿಡುವಾಗುತ್ತದೆ. ದೊಡ್ಡ ಪಾತ್ರೆಯೇ ಬೇಕೆಂದರೆ ಗ್ಯಾಸ್ ಬರ್ನರ್ ಇಟ್ಟುಕೊಂಡು ಹಿತ್ತಲಲ್ಲಿ ಕುದಿಸಿ. ಗರಾಜಿನೊಳಗೆ ಬೇಡ, ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಯಾವ ಶನಿವಾರ ಮಾಡಬಹುದೆಂದು ಮೊದಲೇ ಅವರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ತೊಳೆಯುವುದು, ಒರೆಸುವುದು ಪೂರ್ತಿ ನಿಮ್ಮದೇ ಕೆಲಸವಾಗಲಿ.

ನೀವು ಎಷ್ಟು ಕುಡಿಯುತ್ತೀರಿ ಎಂಬುದನ್ನು ಬರೆದಿಲ್ಲ. ತಪ್ಪು ಹುಡುಕಲು ಕೇಳುತ್ತಿಲ್ಲ. ಮಾಡುವ ಖುಷಿ ದೊಡ್ಡದಾಗಿದ್ದರೂ, ಮನೆಯಲ್ಲಿ ಸದಾ ಬಾಟಲಿ ಇದ್ದರೆ ಲೆಕ್ಕ ತಪ್ಪುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಪ್ರಾಮಾಣಿಕವಾಗಿ ತುಂಬಿ, ಪತ್ನಿಗೂ ತೋರಿಸಿ. 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ತಯಾರಿಕೆ ನಿಲ್ಲಿಸಿ ವೈದ್ಯರನ್ನು ಕಾಣಿ. ಅಮೆರಿಕದಲ್ಲಿ ವ್ಯಸನದ ವಿಷಯಕ್ಕೆ ಇರುವ ಸಾಮ್ಸಾ ಸಹಾಯವಾಣಿ 1-800-662-4357 ಉಚಿತ, ಹಗಲು ರಾತ್ರಿ ಸಿಗುತ್ತದೆ, ಮನೆಯವರೂ ಮಾತಾಡಬಹುದು. ಊರಲ್ಲಿ ಅಣ್ಣ ಇನ್ನೂ ಕಷ್ಟದಲ್ಲಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ, ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಆ ವಿಚಾರದಲ್ಲಿ ನೀವೇ ಮುಂದಾಗಿ ಓಡಾಡಿದರೆ ನಿಮ್ಮ ಪತ್ನಿಗೆ ತಮ್ಮ ಭಯದಲ್ಲಿ ತಾವು ಒಂಟಿಯಲ್ಲ ಎಂದು ಅರಿವಾಗುತ್ತದೆ.

ಅತ್ತೆಯವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎನ್ನುವುದನ್ನು ಅವರ ಮಗಳಿಗೇ ಬಿಡಿ. ಮಗನ ಕುಡಿತದಿಂದ ನೊಂದ ತಾಯಿ ಅವರು. ಅಮ್ಮ ಇರುವಷ್ಟು ದಿನ ಬೇಡ ಎಂದು ಪತ್ನಿ ಹೇಳಿದರೆ ಮುನಿಸಿಲ್ಲದೆ ಒಪ್ಪಿಕೊಳ್ಳಿ. ತೊಳೆದು ಒಣಗಿಸಿ ಗರಾಜಿನಲ್ಲಿಟ್ಟರೆ ಆರು ತಿಂಗಳಿಗೆ ನಿಮ್ಮ ಪಾತ್ರೆಗಳೇನೂ ಹಾಳಾಗುವುದಿಲ್ಲ.